ಪಾಣೆಮಂಗಳೂರಿನ ಬಿಸಿಲು ಭವನ

ಎರಡು ಸಾವಿರದ ಏಳನೇ ಇಸವಿಯ ಮಾರ್ಚ್ ತಿಂಗಳಲ್ಲಿ, ಪಾಣೆಮಂಗಳೂರಿನ ಹಿರಿಯ ನಾಗರಿಕರಿಗೆ ಬಿಸಿಲು ಸಾಲುತ್ತಿಲ್ಲವೆಂಬುದು ರಕ್ತಪರೀಕ್ಷೆಯಿಂದ ದೃಢಪಟ್ಟಿತು. ಆ ತಿಂಗಳು ರಸ್ತೆಯ ಡಾಮರು ಕರಗಿ ಚಪ್ಪಲಿಗೆ ಅಂಟುತ್ತಿತ್ತು ಎಂಬುದು ಬೇರೆ ವಿಷಯ.

ಮೊದಲು ರಕ್ತ ಕೊಟ್ಟವನು ನಾನು, ರಮಾನಾಥ, ನಿವೃತ್ತ ಹೆಡ್‌ಕ್ಲರ್ಕ್, ಹಿರಿಯರ ಸಂಘದ ಅಧ್ಯಕ್ಷ. ಮೊಣಗಂಟಿನ ನೋವಿನಿಂದ ಕುರ್ಚಿ ಬಿಟ್ಟು ಏಳಲಾರದವನಾಗಿದ್ದೆ. ಸಂಘದವರು ಅದನ್ನು ಅಧಿಕಾರದ ಆಸೆಯೆಂದು ತಿಳಿದಿದ್ದರು. ಪೂರ್ತಿ ತಪ್ಪೆಂದು ಹೇಳಲಾರೆ.

ಡಾಕ್ಟರ್ ಜ್ಯೋತ್ಸ್ನಾ ಹೇಳಿದರು: “ವಿಟಮಿನ್ ಡಿ ಕಡಿಮೆ ಉಂಟು. ಗಂಟು ಸವೆಯಲಿಕ್ಕೆ ಅದೇ ಕಾರಣ ಅಂತ ಖಂಡಿತವಾಗಿ ಹೇಳಲಿಕ್ಕಾಗುವುದಿಲ್ಲ. ಮಾತ್ರೆ ಕೊಡ್ತೇನೆ. ಬೆಳಿಗ್ಗೆ ಬಿಸಿಲಲ್ಲಿ ಸ್ವಲ್ಪ ನಡೆಯಿರಿ, ತೂಕ ಇಳಿಸಿ.”

ತೂಕದ ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ. ನಡೆಯುವುದು ಅಧ್ಯಕ್ಷಸ್ಥಾನಕ್ಕೆ ಶೋಭಿಸುವುದಿಲ್ಲ. ಉಳಿದದ್ದು ಬಿಸಿಲು. ಕೂಡಲೇ ಸಭೆ ಕರೆದೆ.

ಸದಸ್ಯೆ ಖತೀಜಮ್ಮನಿಗೂ ಅದೇ ನೋವು, ಅದೇ ಔಷಧ. ಅವರೆಂದರು: “ನನಗೆ ಓಡಲಿಕ್ಕೇನೂ ಇಲ್ಲ, ಅಧ್ಯಕ್ಷರೇ. ಕುರ್ಚಿಯಲ್ಲಿ ಕೂತು ನಮಾಜು ಮಾಡಿ ಸಾಕಾಯಿತು. ಒಮ್ಮೆ ಹಣೆ ನೆಲಕ್ಕೆ ಮುಟ್ಟಿದರೆ ಸಾಕು. ನಾವು ಅಂಗಳದಲ್ಲೇ ಕೂರುವ, ಆಗುವುದಿಲ್ವಾ?”

“ಅಂಗಳದ ಬಿಸಿಲಿಗೆ ಅನುದಾನ ಇಲ್ಲ ಖತೀಜಮ್ಮ,” ಎಂದು ತಿಳಿಹೇಳಿದೆ.

ಸಾರ್ವಜನಿಕ ಬಿಸಿಲು ಭವನ ನಿರ್ಮಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ನಕ್ಷೆ ನೋಡಿದ ಇಂಜಿನಿಯರ್ ಜಿತೇಶ್ ಬೇಸರಪಟ್ಟರು. “ಚಾವಣಿ ಎಲ್ಲುಂಟು ಸಾರ್? ಚಾವಣಿ ಇಲ್ಲದ್ದು ಕಟ್ಟಡ ಅಲ್ಲ, ಬಯಲು. ಬಯಲಿಗೆ ಬಿಲ್ ಆಗುವುದಿಲ್ಲ.”

ಮಾತು ನ್ಯಾಯವಾಗಿತ್ತು. ಕಾಂಕ್ರೀಟು ಚಾವಣಿ ಹಾಕಿಸಿದೆವು. ನಿರ್ವಹಣೆಗೆ ಆದಾಯ ಬೇಕಾದ್ದರಿಂದ ಕೆಳಗಿನ ಅಂತಸ್ತನ್ನು ಅಂಗಡಿಗೆ ಬಾಡಿಗೆ ಕೊಟ್ಟು ಭವನವನ್ನು ಮಹಡಿಗೆ ಏರಿಸಲಾಯಿತು. ಅಂಗಡಿ ನನ್ನ ಭಾವನದ್ದು ಎಂಬುದು ಕಾಕತಾಳೀಯ. ಒಳಗೆ ಕತ್ತಲೆಯೆಂಬ ದೂರು ಬಂದಾಗ ಟ್ಯೂಬ್‌ಲೈಟು ಹಾಕಿಸಿದೆ. ನಾನೇ ಅಂಗಿ ಕಳಚಿ ಅದರಡಿ ಕೂತು ಉದ್ಘಾಟಿಸಿದೆ. ನನ್ನನ್ನು ಮೇಲಕ್ಕೆ ಹೊತ್ತವರಿಗೆ ಶಾಲು ಹೊದಿಸಲಾಯಿತು.

ಮೆಟ್ಟಿಲು ಹತ್ತಲಾಗದ ಖತೀಜಮ್ಮ ಕೆಳಗಿನ ಮೆಟ್ಟಿಲಲ್ಲೇ ಕೂರತೊಡಗಿದರು. ಅಲ್ಲಿ ಒಳ್ಳೆಯ ಎಳೆಬಿಸಿಲು. ಮಾತ್ರೆ ತಪ್ಪಿಸಲಿಲ್ಲ, ಡಾಕ್ಟರು ಕಲಿಸಿದ ವ್ಯಾಯಾಮ ಬಿಡಲಿಲ್ಲ, ಮನೆಯಿಂದ ನಡೆದೇ ಬರುತ್ತಿದ್ದರು. ಮರುವರ್ಷದ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನನ್ನು ತಡೆದು ಮೆಲ್ಲಗೆ ಹೇಳಿದರು.

“ಇವತ್ತು ಹಣೆ ನೆಲಕ್ಕೆ ಮುಟ್ಟಿತು. ಏಳುವಾಗ ಸೊಸೆ ಕೈ ಹಿಡಿದಳು. ಆದರೂ ಮುಟ್ಟಿತಲ್ಲ!”

ಅವರ ಕಣ್ಣು ಒದ್ದೆಯಾಗಿತ್ತು. ನಾನೂ ಕಣ್ಣೊರೆಸಿಕೊಂಡೆ. ತಕ್ಷಣ ಸಾವರಿಸಿಕೊಂಡು, ಇದು ಭವನದ ಪ್ರಥಮ ಸಾಧನೆ ಎಂದು ಮೈಕಿನಲ್ಲಿ ಪ್ರಕಟಣೆ ಹೊರಡಿಸಿದೆ. ಫಲಾನುಭವಿ ಹೀಗೆ ಬಿಸಿಲಲ್ಲಿ ಕೂರುವುದು ಸಂಘಕ್ಕೆ ಮರ್ಯಾದೆಯಲ್ಲವೆಂದು ಮೆಟ್ಟಿಲಿನ ಮೇಲೂ ಶೀಟಿನ ಮಾಡು ಹಾಕಿಸಿದೆವು. ಖತೀಜಮ್ಮ ಎದುರಿನ ಮೋರಿಕಟ್ಟೆಗೆ ಹೋಗಿ ಕೂತರು. ನನ್ನ ಗಂಟು ಮಾತ್ರ ಮೊದಲಿನ ಹಾಗೆಯೇ ಇತ್ತು. ಅದಕ್ಕೆ ಟ್ಯೂಬ್‌ಲೈಟಿನ ಗುಣಮಟ್ಟ ಸಾಲದೆಂದು ಸಮಿತಿ ಅಭಿಪ್ರಾಯಪಟ್ಟಿತು.

ಡಿಸೆಂಬರಿನಲ್ಲಿ ಬೆಳ್ತಂಗಡಿಯ ಹಿರಿಯರು ಅಧ್ಯಯನ ಪ್ರವಾಸಕ್ಕೆ ಬಂದರು. ಅವರ ಮುಖಂಡ ಸುಬ್ಬಯ್ಯನವರು ಭವನವನ್ನೆಲ್ಲ ತಿರುಗಿ ನೋಡಿ, ಬಹಳ ಮೆಚ್ಚಿ, ಸಂಕೋಚದಿಂದ ಕೇಳಿದರು: “ಬಿಸಿಲು ಬರುವುದು ಯಾವ ಕಡೆಯಿಂದ, ಅಧ್ಯಕ್ಷರೇ?”

“ಅದು ಎರಡನೇ ಹಂತದ ಕಾಮಗಾರಿ,” ಎಂದೆ.

ಎಲ್ಲರೂ ತಲೆಯಾಡಿಸಿದರು. ತಮ್ಮಲ್ಲೂ ಹಾಗೆಯೇ ಮಾಡುವುದೆಂದು ಅಲ್ಲೇ ನಿಶ್ಚಯವಾಯಿತು.