ಬಾಮೈದನ ಸಿನಿಮಾದಲ್ಲಿ ನಾನು ಗಂಡನಾದದ್ದು

ಬಾಮೈದ ಎಂಬ ಪ್ರಾಣಿಯನ್ನು ದೇವರು ಯಾತಕ್ಕೆ ಸೃಷ್ಟಿಸಿದ ಅನ್ನುವುದು ನನಗೆ ಈಚೆಗಷ್ಟೇ ಗೊತ್ತಾಯಿತು. ನನ್ನ ಹೆಂಡತಿ ಪವಿತ್ರಳ ತಮ್ಮ ದೀಪಕ್, ತಿ. ನರಸೀಪುರದವನು. ಮದುವೆಮನೆಗಳ ವಿಡಿಯೊ ತೆಗೆದುಕೊಂಡು ಸುಖವಾಗಿದ್ದವನು ಇದ್ದಕ್ಕಿದ್ದಂತೆ ಸಿನಿಮಾ ಮಾಡಲು ಹೊರಟ. ಹಾಡು, ಹೊಡೆದಾಟ ಇರುವ ಸಿನಿಮಾ ಅಲ್ಲ, ಮನೋವೈಜ್ಞಾನಿಕ ಚಿತ್ರ. ಒಬ್ಬ ಗೃಹಿಣಿ ದಿನೇ ದಿನೇ ಮಾತು ನಿಲ್ಲಿಸುತ್ತಾ ಹೋಗುತ್ತಾಳೆ, ಯಾಕೆಂದು ಗಂಡನಿಗೆ ತಿಳಿಯುವುದಿಲ್ಲ. ಇಷ್ಟೇ ಕಥೆ. (ಇದು ಸುಖಾಂತ್ಯವಲ್ಲವೇ ಅಂತ ಕೇಳಿದೆ. ಯಾರೂ ನಗಲಿಲ್ಲ.)

ಕಾಸಿಲ್ಲದ ಕಾರಣ ನಂಜನಗೂಡಿನ ನಮ್ಮ ಮನೆಯೇ ಸ್ಟುಡಿಯೊ ಆಯಿತು, ಪವಿತ್ರಳೇ ನಾಯಕಿಯಾದಳು. ಗಂಡನ ಪಾತ್ರಕ್ಕೆ ಮೈಸೂರಿನಿಂದ ಬರಬೇಕಿದ್ದ ನಟ, ಧಾರಾವಾಹಿ ಸಿಕ್ಕಿತೆಂದು ಕೈಕೊಟ್ಟ. ದೀಪಕ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಭಾವ, ನೀವೇ ಮಾಡ್ಬುಡಿ. ಆಕ್ಟಿಂಗ್ ಏನೂ ಬ್ಯಾಡ. ದಿನಾ ಎಂಗಿರ್ತೀರೋ ಅಂಗೇ ಇದ್ರೆ ಸಾಕು."

ಬಜಾರಿನಲ್ಲಿ ಪೈಂಟು, ಪೈಪು ಮಾರುವವನಾದರೇನು, ಕಲಾದೇವಿ ಮನೆಬಾಗಿಲಿಗೆ ಬಂದಾಗ ಕದ ಹಾಕಲಾದೀತೇ? ತಲೆಗೆ ಬಣ್ಣ ಹಚ್ಚಿದೆ. ಹೆಂಡತಿಯ ಕೈ ಹಿಡಿದು ಬಿಕ್ಕಿಬಿಕ್ಕಿ ಅಳುವ ದೃಶ್ಯವೊಂದನ್ನು ನಾನೇ ಹೆಣೆದು, ಬಚ್ಚಲುಮನೆಯ ಕನ್ನಡಿಯ ಮುಂದೆ ತಾಲೀಮು ಮಾಡಿ, ಹಟ ಹಿಡಿದು ಸೇರಿಸಿದೆ. ಸಿನಿಮಾ ನನ್ನ ಮೇಲೇ ನಿಂತಿದೆ ಅಂತ ಇಡೀ ಬಜಾರಿಗೆ ಸಾರಿದೆ.

ಒಂದು ಭಾನುವಾರ ಮಧ್ಯಾಹ್ನ ನರಸೀಪುರದ ಸಮುದಾಯ ಭವನದಲ್ಲಿ ಬಿಳಿ ಪರದೆ ಕಟ್ಟಿ ಪ್ರದರ್ಶನ. ನಮ್ಮ ಪಕ್ಕದಂಗಡಿಯ ಬಸವಣ್ಣ ಸಂಸಾರ ಸಮೇತ ಬಂದಿದ್ದರು. ಹೆಡತಲೆ ಊರಿನಿಂದ ಪವಿತ್ರಳ ಸೋದರತ್ತೆ ಪುಟ್ಟಗೌರಮ್ಮ ಬಂದು ನನ್ನ ಹಿಂದಿನ ಸಾಲಿನಲ್ಲೇ ಕೂತರು.

ಸಿನಿಮಾ ಶುರುವಾಯಿತು. ನನ್ನ ಅಳು ಎಲ್ಲೂ ಬರಲಿಲ್ಲ. ಪರದೆಯ ತುಂಬ ನಾನು ಊಟಕ್ಕೆ ಕೂತಿದ್ದೆ, ಮುಖಕ್ಕೆ ಅಡ್ಡವಾಗಿ ಪೇಪರು. ಪಕ್ಕದಲ್ಲಿ ನಿಂತಿದ್ದ ಪವಿತ್ರ, "ರೀ, ಕಣ್ಣು ಮಂಜಾಗ್ತಾ ಇದೆ. ಅಕ್ಕೀಲಿ ಕಲ್ಲೇ ಕಾಣಲ್ಲ. ಡಾಕ್ಟ್ರಿಗೆ ತೋರಿಸ್ಬೇಕು" ಅಂದಳು.

ಪೇಪರಿನ ಹಿಂದಿನಿಂದ ನನ್ನ ದನಿ ಬಂತು: "ಉಪ್ಪಿನಕಾಯಿ ಎಲ್ಲಿ?"

ಅವಳು ಸುಮ್ಮನೆ ಒಳಗೆ ಹೋಗಿ ಉಪ್ಪಿನಕಾಯಿ ತಂದಿಟ್ಟಳು. ಆ ಮಾತು ಕಥೆಯಲ್ಲಿರಲಿಲ್ಲ. ಅದು ನಾವು ನಿಜವಾಗಿ ಉಂಡ ಊಟ. ದೀಪಕ್ ಕ್ಯಾಮೆರಾ ನಿಲ್ಲಿಸಿರಲೇ ಇಲ್ಲ. ಅದಕ್ಕಿಂತ ದೊಡ್ಡ ಸಂಗತಿ ಅಂದರೆ, ಅವಳು ಕಣ್ಣಿನ ವಿಷಯ ಹೇಳಿದ್ದು ನನಗೆ ನೆನಪೇ ಇರಲಿಲ್ಲ. ಹಿಂದಿನಿಂದ ಪುಟ್ಟಗೌರಮ್ಮ, "ಅಯ್ಯೋ, ಎಂಥ ಗಂಡನ್ಗೆ ಕೊಟ್ವಪ್ಪ" ಅಂದದ್ದು ಎಲ್ಲರಿಗೂ ಕೇಳಿಸಿತು.

ದೀಪ ಹೊತ್ತಿದಾಗ ಹೆಂಗಸರೆಲ್ಲ ಪವಿತ್ರಳನ್ನು ಸುತ್ತಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಬಸವಣ್ಣ ನನ್ನ ಕೈ ಕುಲುಕಿ, ನಿಜವಾಗ್ಲೂ ಅಂಥ ಮನುಷ್ಯ ಅನ್ನಂಗೇ ಮಾಡಿದ್ದೀರ ಕಣ್ರೀ ಅಂತ ಹೊಗಳಿದರು. ಬಹಳ ಕಷ್ಟದ ಪಾತ್ರ ಅಂತ ನಾನು ತಡವರಿಸಿದೆ. (ಭೂಮಿ ಬಾಯಿ ಬಿಡಲಿಲ್ಲ. ಅದಕ್ಕೂ ನನ್ನನ್ನು ನುಂಗುವ ಮನಸ್ಸಿರಲಿಲ್ಲವೇನೋ.)

ಸ್ಕೂಟರಿನಲ್ಲಿ ಮನೆಗೆ ಹೊರಟೆವು. ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಒಂದು ಎಳನೀರಿನ ಗಾಡಿಯ ಹತ್ತಿರ ನಿಲ್ಲಿಸಿ, ತಲೆ ತಗ್ಗಿಸಿಕೊಂಡೇ ಹೇಳಿದೆ: "ತಪ್ಪಾಯ್ತು ಕಣೇ. ನಾಳೆನೇ ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ."

"ಆಗ್ಲೇ ಹೋಗ್ಬಂದೆ. ಯುಗಾದಿಗೆ ಮುಂಚೇನೇ, ಶೂಟಿಂಗ್ ಮುಗೀತಿದ್ದಂಗೇ ದೀಪಕ್ ಕರ್ಕೊಂಡೋಗಿದ್ದ" ಅಂದಳು.

ತಲೆ ಎತ್ತಿ ನೋಡಿದೆ. ಅವಳ ಮೂಗಿನ ಮೇಲೆ ಕನ್ನಡಕವಿತ್ತು. ಕಪ್ಪು ಕಟ್ಟಿನದು. ಯುಗಾದಿ ಕಳೆದು ಶ್ರಾವಣ ನಡೆಯುತ್ತಿತ್ತು.

ಕೈಗೆ ಬಂದ ಎಳನೀರನ್ನು ಗಾಡಿಯ ಮೇಲೇ ಇಟ್ಟೆ. ನಾನು ದಿನಾ ಹಾಗೇ ಇರ್ತೀನಾ ಅಂತ ಮೆಲ್ಲಗೆ ಕೇಳಿದೆ.

ಅವಳಿಗೆ ನನ್ನ ಮೇಲೆ ಕರುಣೆ ಬಂದಂತೆ ಕಂಡಿತು. ನನ್ನ ಭುಜದ ಮೇಲೆ ಕೈಯಿಟ್ಟಳು.

"ಬೇಜಾರು ಮಾಡ್ಕೋಬೇಡಿ. ದೀಪಕ್ ನಂಗೆ ಮೊದ್ಲೇ ತೋರ್ಸಿದ್ದ. ಅರ್ಧಕ್ಕರ್ಧ ನಾನೇ ಕತ್ತರಿಸು ಅಂದೆ. ನಾಳೆ ನೀವು ಅಂಗಡೀಲಿ ಕೂತ್ಕೋಬೇಕಲ್ಲ."

ಆ ಕತ್ತರಿಸಿದ ಅರ್ಧದಲ್ಲಿ ಏನಿತ್ತು ಅಂತ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.