ಏಳು ದಿನ ಪುಕ್ಕಟೆ

ಅಗ್ಗದ ಡಿಸೈನ್ ಸಾಫ್ಟ್‌ವೇರ್‌ಗಳ ಬಗ್ಗೆ ಖಾನಾಪುರದ ನನ್ನ ಸೋದರಮಾವನಿಗೆ ತಿಳಿದಷ್ಟು ಅವುಗಳನ್ನು ತಯಾರಿಸಿದವರಿಗೂ ತಿಳಿದಿರಲಿಕ್ಕಿಲ್ಲ. ಪೂರ್ತಿ ಪುಕ್ಕಟೆ ಸಿಗುವವು, ಅರ್ಧ ಪುಕ್ಕಟೆ ಸಿಗುವವು, ಏಳು ದಿನ ಪುಕ್ಕಟೆ ಇದ್ದು ಎಂಟನೆಯ ದಿನ ಮುಖ ತಿರುಗಿಸುವವು, ಎಲ್ಲವನ್ನೂ ಅವರು ಅರೆದು ಕುಡಿದಿದ್ದಾರೆ. ಇಷ್ಟೆಲ್ಲ ಕುಡಿದ ಮೇಲೂ ಒಂದು ವರ್ಷದಲ್ಲಿ ಅವರ ಕಂಪ್ಯೂಟರಿನಿಂದ ಒಂದೇ ಒಂದು ಡಿಸೈನ್ ಹೊರಗೆ ಬಂದಿರಲಿಲ್ಲ!

ಮಾಮಾ ಮೂವತ್ತು ವರ್ಷ ಬೋರ್ಡು ಬರೆದ ಪೇಂಟರ್. ಮೇಲೆ ಕನ್ನಡದ ಸಾಲು, ಕೆಳಗೆ ಮರಾಠಿಯ ಸಾಲು, ಅಳತೆಪಟ್ಟಿ ಮುಟ್ಟದೆ ಎರಡನ್ನೂ ನೆಟ್ಟಗೆ ಎಳೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ ತೊಳೆದಿಟ್ಟು, ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಮನೆಗೆ ತಂದರು. ಅದರ ಮೇಲೆ ಹುಟ್ಟುಹಬ್ಬ, ಶ್ರದ್ಧಾಂಜಲಿಗಳ ಬ್ಯಾನರ್ ಮಾಡುತ್ತ ಹೇಗೋ ನಡೆದಿತ್ತು. ಹೋದ ವರ್ಷ ಮಾಮಿ ತೀರಿಕೊಂಡರು. ಆಗ ಗೊತ್ತಾಯಿತು, ಮಾಮಿಯದು ಒಬ್ಬರೇ ನಿಂತ ಫೋಟೊ ಮನೆಯಲ್ಲಿ ಒಂದೂ ಇಲ್ಲ! ಇದ್ದದ್ದು ಒಂದೇ, ಬೀಡಿ ಎಂಬ ಊರಿನಲ್ಲಿ ಮಾಮಿಯ ತಂಗಿಯ ಮದುವೆಯಲ್ಲಿ ತೆಗೆಸಿದ ಇಪ್ಪತ್ತೆರಡು ಜನರ ಗ್ರೂಪ್ ಫೋಟೊ. ಅದರ ಬಲತುದಿಯಲ್ಲಿ ಹಸಿರು ಇಳಕಲ್ ಸೀರೆಯುಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಮಿ ನಿಂತಿದ್ದಾರೆ. ಆ ಇಪ್ಪತ್ತೆರಡು ಜನರಿಂದ ಮಾಮಿಯನ್ನು ಬಿಡಿಸಿ, ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ವರ್ಷದ ಪುಣ್ಯತಿಥಿಯ ದಿನ ಮಾಲೆ ಹಾಕಬೇಕು. ಆಗಬೇಕಾದ ಕೆಲಸ ಇಷ್ಟೇ.

ಬೆಳಗಾವಿಯ ಯಾವ ಸ್ಟುಡಿಯೋಕ್ಕೆ ಕೊಟ್ಟರೂ ಚಹಾ ಕುಡಿಯುವಷ್ಟರಲ್ಲಿ ಮಾಡಿಕೊಡುತ್ತಾರೆ. ಹಾಗೆಂದು ಬಾಯಿ ತಪ್ಪಿ ಹೇಳಿದ್ದೇ ನನ್ನ ಗ್ರಹಚಾರ.

"ಊರ ಮಂದಿ ಫೋಟೊ ಎಲ್ಲಾ ನಾ ಮಾಡೀನಿ. ನನ್ನ ಹೆಂಡತಿ ಫೋಟೊ ಇನ್ನೊಬ್ಬರು ಮಾಡಬೇಕೇನ?" ಎಂದರು ಮಾಮಾ.

ನಾನು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವಳು. ಹಾಗಾಗಿ ಸಹಾಯಕಿಯ ಹುದ್ದೆ ಅರ್ಜಿ ಹಾಕದೆಯೇ ಸಿಕ್ಕಿತು. ಅಂದಿನಿಂದ ಪ್ರತಿ ರವಿವಾರ ಬೆಳಗಾವಿಯ ಮಹಾಂತೇಶ ನಗರದಿಂದ ಹೊರಟು, ಬಸ್ಸು ಬದಲಿಸಿ, ಖಾನಾಪುರಕ್ಕೆ ಹೋಗಿ ಮಾಮಾನ ಬಾಜು ಕುರ್ಚಿಯಲ್ಲಿ ಕೂತು ನನ್ನ ಆಯುಷ್ಯ ಸವೆಸಿದ್ದೇನೆ.

ಮಾಮಾನ ಬಳಿ ಇನ್ನೂರು ಪುಟದ ನೋಟ್‌ಬುಕ್ಕು ಒಂದಿದೆ. ಪುಟಕ್ಕೊಂದು ಸಾಫ್ಟ್‌ವೇರ್. ನಡುವೆ ಗೆರೆ ಎಳೆದು, ಎಡಕ್ಕೆ ಗುಣ, ಬಲಕ್ಕೆ ಅವಗುಣ. ಹೆಣ್ಣು ನೋಡಲು ಹೋದವರೂ ಇಷ್ಟು ತೂಗಿ ನೋಡುವುದಿಲ್ಲ! ಮೊದಲ ಪುಟದಲ್ಲಿ "ಗುಣ: ಪುಕ್ಕಟೆ" ಎಂದಿದೆ. ಅದರೆದುರು "ಅವಗುಣ: ಪುಕ್ಕಟೆ ಅನ್ನೂದು ಅದಕ್ಕೂ ಗೊತ್ತೈತಿ". ಎರಡನೆಯದರ ಗುಣ ಲಗು ತೆರೆಯುವುದು, ಅವಗುಣ ಹೇಳದೆ ಕೇಳದೆ ಲಗು ಮುಚ್ಚಿಕೊಳ್ಳುವುದು. ಮೂರನೆಯದಕ್ಕೆ ಕಂಪ್ಯೂಟರಿನಲ್ಲಿ ಜಾಗವೇ ಬೇಡ, ಎಲ್ಲವೂ ಇಂಟರ್‌ನೆಟ್ಟಿನಲ್ಲೇ ನಡೆಯುತ್ತದೆ. ಆದರೆ ಮಾಮಾನ ಮನೆಯಲ್ಲಿ ಇಂಟರ್‌ನೆಟ್ ನೆಟ್ಟಗೆ ಸಿಗುವುದು ತುಳಸಿಕಟ್ಟೆಯ ಹತ್ತಿರ ಮಾತ್ರ! ನಾಲ್ಕನೆಯದಕ್ಕೆ ಒಮ್ಮೆ ಚೂರು ಹಣ ಕೊಟ್ಟರೆ ಜೀವನಪರ್ಯಂತ ನಮ್ಮದು. ಅದರ ಅವಗುಣದ ಕಡೆ ಮಾಮಾ ಒಂದೇ ಪ್ರಶ್ನೆ ಬರೆದಿದ್ದಾರೆ: "ಯಾರ ಜೀವನ?"

ಐದನೆಯದು ಬಣ್ಣಗಳ ಖನಿ ಎಂದು ಹೊಗಳಿಸಿಕೊಂಡಿತ್ತು. ಪರದೆಯ ಮೇಲೆ ಮಾಮಿಯ ಹಸಿರು ಸೀರೆ ಹೊಸದರ ಹಾಗೆ ಹೊಳೆಯುತ್ತಿತ್ತು. ಪ್ರಿಂಟ್ ತೆಗೆದರೆ ಬಾಡಿದ ಮೆಂತೆಸೊಪ್ಪು. ಪರದೆಯ ಬಣ್ಣವೇ ಬೇರೆ, ಶಾಯಿಯ ಬಣ್ಣವೇ ಬೇರೆ, ಎರಡರ ನಡುವೆ ಹೊಂದಿಸಿಕೊಡುವ ಸೌಲಭ್ಯ ಅಗ್ಗದವುಗಳಲ್ಲಿ ಇರುವುದಿಲ್ಲ ಎಂದು ನಾನು ಅರ್ಧ ತಾಸು ವಿವರಿಸಿದೆ. ಮೂವತ್ತು ವರ್ಷ ಡಬ್ಬಿಯಲ್ಲಿ ಬಣ್ಣ ಕಲಸಿದ ಮನುಷ್ಯ ಎಲ್ಲ ಕೇಳಿಕೊಂಡು, ಡಬ್ಬಿಯಲ್ಲಿ ಕಂಡದ್ದೇ ಗೋಡೆಯ ಮೇಲೂ ಕಾಣುತ್ತಿತ್ತಲ್ಲ, ಎಂದರು.

ಆರನೆಯದರಲ್ಲಿ ಸಿದ್ಧ ಮಾದರಿಗಳು ಸಾವಿರಾರು. ಪುಕ್ಕಟೆಯವು ಮಾತ್ರ ನಾಲ್ಕು! ಮೂರರಲ್ಲಿ ಕೇಕು, ಒಂದರಲ್ಲಿ ಬಲೂನು. ಬಲೂನಿನದನ್ನು ಆರಿಸಿ, ಒಂದೊಂದೇ ಬಲೂನು ಅಳಿಸುತ್ತ ಬಂದೆವು. ಸಂಜೆಯ ಹೊತ್ತಿಗೆ ಒಂದು ಉಳಿದಿತ್ತು, ಮಾಮಿಯ ಕಿವಿಯ ಪಕ್ಕ ಗುಲಾಬಿ ಬಣ್ಣದ್ದು. ಅದನ್ನು ತೆಗೆಯಬೇಕಾದರೆ ದುಡ್ಡು ಕಟ್ಟಬೇಕಂತೆ.

ಏಳು ದಿನ ಪುಕ್ಕಟೆಯವುಗಳ ಕಥೆ ಬೇರೆಯೇ. ಒಂದು ಇಮೇಲಿಗೆ ಒಮ್ಮೆ ಮಾತ್ರ ಏಳು ದಿನ. ಮಾಮಾ ಮೊದಲು ತಮ್ಮ ಹೆಸರಿನಲ್ಲಿ ಸೇರಿದರು, ಆಮೇಲೆ ನನ್ನ ಹೆಸರಿನಲ್ಲಿ, ಆಮೇಲೆ ಬೀಗರ ಹೆಸರಿನಲ್ಲಿ. ಅನಗೋಳದ ದೊಡ್ಡಮ್ಮನಿಗೆ ಮೊಬೈಲಿನಲ್ಲಿ ಹಸಿರು ಗುಂಡಿ ಒತ್ತುವುದಷ್ಟೇ ಗೊತ್ತು. ಅವರೂ ಒಂದು ವಾರ ಗ್ರಾಫಿಕ್ ಡಿಸೈನರ್ ಆದರು! ನನ್ನ ಅಪ್ಪನ ಸರದಿ ಮುಗಿದ ಮೇಲೆ ಮನೆಯಲ್ಲಿ ರಾಮಾಯಣವಾಯಿತು. ಗಿರಾಕಿ ಕೈಬಿಟ್ಟು ಹೋದರೆ ಈ ಕಂಪನಿಗಳು ಪ್ರೀತಿ ಸುರಿಸಿ ಪತ್ರ ಬರೆಯುತ್ತವೆ. "ನಿಮ್ಮನ್ನು ಕಾಣದೆ ಬಹಳ ದಿನವಾಯಿತು, ನೀವಿಲ್ಲದೆ ಬೇಸರವಾಗಿದೆ, ಮರಳಿ ಬನ್ನಿ" ಎಂದು ಅಪ್ಪನ ಮೊಬೈಲಿಗೆ ಇಂಗ್ಲಿಷಿನಲ್ಲಿ ಬಂತು. ಕೆಳಗೆ ನಗುವ ಹುಡುಗಿಯೊಬ್ಬಳ ಚಿತ್ರ. ಅದನ್ನು ಮೊದಲು ಓದಿದವಳು ಅಮ್ಮ! ಮಾಮಾ ಖಾನಾಪುರದಿಂದ ನೋಟ್‌ಬುಕ್ಕು ಸಮೇತ ಬಂದು ಸಾಕ್ಷಿ ಹೇಳುವವರೆಗೆ ಅಪ್ಪನಿಗೆ ಮನೆಯಲ್ಲಿ ಚಹಾ ಇರಲಿಲ್ಲ.

ಇದೆಲ್ಲ ನಗುವ ಮಾತಾಯಿತು. ಆದರೆ ನಾನು ನಿಜಕ್ಕೂ ಸೋತಿದ್ದೆ. ಯಾಕೆಂದರೆ ಮಾಮಿಯನ್ನು ಆ ಗುಂಪಿನಿಂದ ಬಿಡಿಸುವ ಕೆಲಸ ಎಂಟನೆಯ ಸಾಫ್ಟ್‌ವೇರಿನಲ್ಲೇ ಹೆಚ್ಚುಕಡಿಮೆ ಮುಗಿದಿತ್ತು. ಉಳಿದದ್ದು ಒಂದು ಕೈ. ಫೋಟೊಗ್ರಾಫರು ಒತ್ತಿ ನಿಲ್ಲಿರೆಂದು ಗದರಿದ್ದಕ್ಕೆ ಮಾಮಾ ಅಂದು ಮಾಮಿಯ ಹೆಗಲ ಮೇಲೆ ಕೈ ಇಟ್ಟಿದ್ದರಂತೆ. ಹಿಂದಿನ ಮಂದಿಯೆಲ್ಲ ಮಾಯವಾದರೂ, ಮಾಮಾನೂ ಮಾಯವಾದರೂ, ಉಗುರಿಗೆ ಬಣ್ಣ ಮೆತ್ತಿದ ನಾಲ್ಕು ಬೆರಳು ಮಾತ್ರ ಹೆಗಲ ಮೇಲೆ ಕೂತೇ ಇದ್ದವು. ಪೂಜೆಯ ಫೋಟೊದಲ್ಲಿ ಬದುಕಿರುವವನ ಕೈ ಇರಬಾರದು, ಅಳಿಸು ಎಂದರು ಮಾಮಾ. ಅಳಿಸಿದೆ. ಹೆಗಲು ತಗ್ಗಿತು ಎಂದರು. ಹೆಗಲು ಎತ್ತಿದೆ. ಸೆರಗಿನ ಅಂಚು ಮುರಿಯಿತು ಎಂದರು. ಅಂಚು ಜೋಡಿಸಿದೆ. ಸ್ವಲ್ಪ ಹೊತ್ತು ನೋಡಿ, ಇದು ಆಕಿ ಹೆಗಲು ಅಲ್ಲ, ಎಂದು ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುವಿದರು. ಒಂಬತ್ತನೆಯದು, ಹತ್ತನೆಯದು, ಹದಿನೇಳನೆಯದು... ದೇವರೇ, ಒಬ್ಬ ಮನುಷ್ಯ ಎಷ್ಟು ಅವಗುಣ ಕಂಡುಹಿಡಿಯಬಲ್ಲ?

ಪುಣ್ಯತಿಥಿಗೆ ನಾಲ್ಕು ದಿನ ಉಳಿದ ರವಿವಾರ ಮಧ್ಯಾಹ್ನ ನಾನು ಹೋದಾಗ ಮಾಮಾ ಕಂಪ್ಯೂಟರ್ ಮುಂದೆ ಸುಮ್ಮನೆ ಕೂತಿದ್ದರು. ಸಂಬಂಧಿಕರೆಲ್ಲ ಮುಗಿದುಹೋಗಿದ್ದರಿಂದ ಹಿಂದಿನ ವಾರ ಮಾಮಿಯ ಹೆಸರಿನಲ್ಲೇ ಸೇರಿದ್ದೆವು. ಮಾಮಿಯ ಮೊಬೈಲು ದೇವರ ಗೂಡಿನ ಬಾಜು ಇರುತ್ತದೆ. ಮಾಮಾ ಅದಕ್ಕೆ ತಪ್ಪದೆ ರೀಚಾರ್ಜ್ ಮಾಡಿಸುತ್ತಾರೆ. ಯಾಕೆಂದು ನಾನು ಕೇಳಿರಲಿಲ್ಲ. ಈ ಸಲ ಕೈ ಅಳಿಸುವ ಮೊದಲೇ ಏಳು ದಿನ ಮುಗಿದು, ಅಳಿಸುವ ಸಾಧನಕ್ಕೆ ಬೀಗ ಬಿದ್ದಿತ್ತು. ಪ್ರಿಂಟ್ ಮಾತ್ರ ತೆಗೆಯಬಹುದಿತ್ತು. ಪರದೆಯ ಮೇಲೆ ಮಾಮಿ ಒಬ್ಬರೇ ನಿಂತಿದ್ದರು, ಹೆಗಲ ಮೇಲೆ ನಾಲ್ಕು ಬೆರಳು.

ಅಷ್ಟರಲ್ಲಿ ದೇವರ ಗೂಡಿನ ಬಾಜು ಮಾಮಿಯ ಮೊಬೈಲು ಸದ್ದು ಮಾಡಿತು. ಮಾಮಾ ಎದ್ದು ತಂದು ನನ್ನ ಕೈಗೆ ಕೊಟ್ಟು, "ಏನಂತ ಬರದಾರ, ಓದ" ಎಂದರು.

ಓದಿದೆ. ಏನೋ ಜಾಹೀರಾತು ಎಂದು ಸುಳ್ಳು ಹೇಳಿಬಿಡಬೇಕೆನಿಸಿತು. ಆದರೆ ಮಾಮಾ ನನ್ನ ಮುಖವನ್ನೇ ನೋಡುತ್ತಿದ್ದರು. ಕನ್ನಡ ಮಾಡಿ ಹೇಳಿದೆ: "ಪ್ರಿಯ ಕಸ್ತೂರಿ, ನಿಮ್ಮನ್ನು ಕಾಣದೆ ಬಹಳ ದಿನವಾಯಿತು. ನೀವಿಲ್ಲದೆ ಬೇಸರವಾಗಿದೆ. ನೀವು ಅರ್ಧಕ್ಕೆ ಬಿಟ್ಟ ಕೆಲಸ ಹಾಗೆಯೇ ಇದೆ. ಮರಳಿ ಬನ್ನಿ."

ಮಾಮಾ ಚಷ್ಮಾ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಉತ್ತರ ಬರಿ ಯವ್ವಾ," ಎಂದರು. "ಆಕಿ ಬರಂಗಿಲ್ಲ ಅಂತ ಬರಿ. ಸುಮ್ಮನ ದಾರಿ ಕಾಯೂದು ಬ್ಯಾಡ."

ಆ ಪತ್ರಗಳನ್ನು ಮನುಷ್ಯರು ಬರೆಯುವುದಿಲ್ಲ, ಉತ್ತರವನ್ನು ಯಾರೂ ಓದುವುದಿಲ್ಲ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವವಳು ನಾನು. ಮಾಮಾನಿಗೆ ಹೇಳಲಿಲ್ಲ. ಇಡೀ ವರ್ಷ ಈ ಮನುಷ್ಯ ಸಾಫ್ಟ್‌ವೇರುಗಳ ಅವಗುಣವನ್ನು ಯಾಕೆ ಹುಡುಕುತ್ತಿದ್ದರೆಂದು ಅಂದು ತಿಳಿಯಿತು. ಫೋಟೊ ಮುಗಿದರೆ ಅದಕ್ಕೆ ಮಾಲೆ ಹಾಕಬೇಕಲ್ಲ! ನನಗೆ ನಾಚಿಕೆಯಾಯಿತು, ಅಳುವೂ ಬಂತು. ಕಸ್ತೂರಿಯವರು ಇನ್ನು ಬರುವುದಿಲ್ಲ, ದಯವಿಟ್ಟು ಕಾಯಬೇಡಿ ಎಂದು ಕನ್ನಡದಲ್ಲೇ ಬರೆದೆ. ಮಾಮಾ ಎರಡು ಸಲ ಓದಿಸಿ ಕೇಳಿದರು. ಕಳಿಸಿದೆ.

ಆಮೇಲೆ ಅವರು ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಬಂದರು. ಮಾಮಿಯ ಮುಖ ನೋಡಿದರು, ಹೆಗಲು ನೋಡಿದರು, ಆ ಬೆರಳುಗಳನ್ನು ನೋಡಿದರು. ನಾನು ಅಭ್ಯಾಸಬಲದಿಂದ ನೋಟ್‌ಬುಕ್ಕನ್ನು ಮುಂದೆ ಸರಿಸಿದೆ. ಅವರು ಅದನ್ನು ಮುಚ್ಚಿ ಪಕ್ಕಕ್ಕೆ ಇಟ್ಟರು.

"ಕೈ ಇರ್ಲಿ ಬಿಡು," ಎಂದರು. "ಪ್ರಿಂಟ್ ತೆಗಿ. ಇದರಾಗ ಏನೂ ಅವಗುಣ ಇಲ್ಲ."