ಷಡ್ಡಕನ ಕೆಂಪು ಕಾರು ಮತ್ತು ನನ್ನ ಬನ್ನಿ

ಓರಗಿತ್ತಿಯರ ಹೊಟ್ಟೆಕಿಚ್ಚಿನ ಬಗ್ಗೆ ಊರೆಲ್ಲ ಮಾತಾಡುತ್ತದೆ. ಷಡ್ಡಕರ ಹೊಟ್ಟೆಕಿಚ್ಚಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಗಂಡಸರು ಅದನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ‘ಏನ್ರಿ, ಆರಾಮ ಅದೀರೇನು’ ಎಂದು ನಗುತ್ತಾರೆ. ನಾನು ನೇರವಾಗಿ ಹೇಳಿಬಿಡುತ್ತೇನೆ: ನನ್ನ ಹೆಂಡತಿಯ ತಂಗಿಯ ಗಂಡ ಶರಣಪ್ಪನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಊರ ಸಾವುಕಾರ ಮನೆಯ ಮೇಲೆ ಮನೆ ಕಟ್ಟಲಿ, ನನಗೇನೂ ಅನ್ನಿಸುವುದಿಲ್ಲ. ಮಂತ್ರಿಗಳ ಕಾರು ಶಹಾಪುರದ ಬಸ್‌ಸ್ಟ್ಯಾಂಡಿನ ಮುಂದೆ ನನ್ನ ಮೈಮೇಲೆ ಧೂಳು ಹಾರಿಸಿ ಹೋದರೂ ಕಣ್ಣುಜ್ಜಿಕೊಂಡು ಸುಮ್ಮನಾಗುತ್ತೇನೆ. ಆದರೆ ಶರಣಪ್ಪ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೆ ಅವತ್ತು ನನಗೆ ಊಟ ಸೇರುವುದಿಲ್ಲ. ಒಂದೇ ಮನೆಯ ಅಕ್ಕತಂಗಿಯರನ್ನು ಕಟ್ಟಿಕೊಂಡವರು ದಿನಾ ತಕ್ಕಡಿಯಲ್ಲಿ ಕೂತೇ ಬದುಕಬೇಕಾಗುತ್ತದೆ.

ನಾನು ಶಹಾಪುರದ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಅವನದು ಸುರಪುರದಲ್ಲಿ ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ನಮ್ಮ ಮದುವೆಗಳ ಕಾಲಕ್ಕೆ ಅದು ನಟ್ಟು ಬೋಲ್ಟು ಮಾರುವ ಗೂಡಂಗಡಿಯಾಗಿತ್ತು, ನನ್ನದು ಸರಕಾರಿ ನೌಕರಿ, ತಕ್ಕಡಿ ನನ್ನ ಕಡೆಗೇ ವಾಲಿತ್ತು. ಆಮೇಲೆ ಕಾಲುವೆ ಬಂತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಮನೆಗೊಂದು ಪಂಪು, ಓಣಿಗೊಂದು ಟ್ರ್ಯಾಕ್ಟರು ಆಯಿತು. ಕಾಲುವೆ ನಮ್ಮ ಶಾಲೆಯ ಹಿಂದೆಯೂ ಹರಿಯಿತು, ನಮಗೆ ಬಂದದ್ದು ಸೊಳ್ಳೆ ಮಾತ್ರ.

ಇಷ್ಟಾದರೂ ನನ್ನ ಕೈಯಲ್ಲಿ ಒಂದು ಆಸ್ತಿ ಉಳಿದಿತ್ತು. ನಾನು ಹಿರೇ ಅಳಿಯ. ದಸರೆಗೆ ವಡಗೇರಾದ ಮಾವನ ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ವಿಜಯದಶಮಿಯ ಸಂಜೆ ಬಂಗಾರವೆಂದು ಹಂಚುವ ಬನ್ನಿ ಎಲೆಗಳಲ್ಲಿ ಮೊದಲನೆಯದನ್ನು ಮಾವ ನನ್ನ ಕೈಗೆ ಕೊಡುತ್ತಾರೆ. ಆಮೇಲೆ ಕಿರಿಯರೆಲ್ಲ ಬನ್ನಿ ಕೊಟ್ಟು ನನ್ನ ಕಾಲು ಮುಟ್ಟುತ್ತಾರೆ, ಶರಣಪ್ಪನೂ ಸಹ. ಎಷ್ಟೇ ಪಂಪು ಮಾರಿದರೂ ಅವನು ಬಗ್ಗಲೇಬೇಕು. ಆ ಒಂದು ಸಂಜೆಯ ಸುಖದಲ್ಲಿ ನಾನು ವರ್ಷವಿಡೀ ಬದುಕುತ್ತಿದ್ದೆ. ಅದರ ಮೇಲೂ ಕಣ್ಣು ಬಿತ್ತು, ಅದೂ ಒಂದು ಕಾರಿನದು.

ಕಾರಿನ ಚರಿತ್ರೆ ಹೀಗಿದೆ. ನಿಜಾಮನ ಕಾಲದಲ್ಲಿ ಹೈದರಾಬಾದಿನ ಯಾವನೋ ಜಹಗೀರದಾರನ ಮಗ ಅದನ್ನು ವಿಲಾಯತಿನಿಂದ ಹಡಗಿನಲ್ಲಿ ತರಿಸಿದನಂತೆ. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಮೂತಿ ಮಾತ್ರ ಮಾರುದ್ದ. ಅದರಲ್ಲಿ ಅವನು ರೇಸು ಓಡಿದನಂತೆ. ಜಹಗೀರು ಹೋದ ಮೇಲೆ ಅದು ಯಾದಗಿರಿಯ ಹತ್ತಿ ವ್ಯಾಪಾರಿಯೊಬ್ಬನ ಕೈಸೇರಿ ಮದುವೆ ಮೆರವಣಿಗೆಗಳಲ್ಲಿ ನೂರಾರು ವರರನ್ನು ಹೊತ್ತಿತು. ರೇಸಿನ ಕಾರು ಬಾಜಾಬಜಂತ್ರಿಯ ಹಿಂದೆ ಆಮೆಯಂತೆ ಹೋಗುವುದನ್ನು ನೆನೆದರೆ ನನಗೆ ನನ್ನದೇ ನೌಕರಿ ನೆನಪಾಗುತ್ತದೆ. ಕೊನೆಗೆ ಕಾಲುವೆ ಕೆಲಸದ ಗುತ್ತಿಗೆದಾರನೊಬ್ಬ ಹೊಸ ದಂಡೆಯ ಮೇಲೆ ಓಡಿಸಿ ಮೆರೆಯಬೇಕೆಂದು ಅದನ್ನು ಕೊಂಡ. ಒಂದು ಅಡ್ಡಮಳೆ ಬಂದದ್ದೇ ತಡ, ಎರೆಮಣ್ಣು ಕಾರನ್ನು ಹೊಟ್ಟೆಯ ತನಕ ನುಂಗಿತು. ಎತ್ತು ಹೂಡಿ ಎಳೆದು ದೇವಾಪುರದ ಒಂದು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಕೆಲಸ ಮುಗಿದು ಗುತ್ತಿಗೆದಾರ ಹೋದ, ಕಾರಿನಲ್ಲಿ ಕೋಳಿಗಳು ಕಾವು ಕೂತವು.

ಪಂಪು ರಿಪೇರಿಗೆಂದು ಹೋದ ಶರಣಪ್ಪ ಅದನ್ನು ಕಂಡು ಮರುಳಾದ. ಲಾರಿಯಲ್ಲಿ ಹೇರಿಕೊಂಡು ತಂದಾಗ ನಾನು ನೋಡಲು ಹೋಗಿದ್ದೆ. ಹಿಕ್ಕೆ, ಹುಲ್ಲು, ತುಕ್ಕು. ನನ್ನ ಜೀವಕ್ಕೆ ಎಷ್ಟು ತಂಪಾಯಿತೆಂದರೆ ಅವತ್ತು ಅವನ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚು ತಿಂದೆ. ‘ಭಾರಿ ಛಲೋ ಗಾಡಿ ತಂದೀ ತಮ್ಮಾ’ ಎಂದು ಬೆನ್ನು ತಟ್ಟಿದೆ. ಅವನು ಅದನ್ನು ನಿಜವೆಂದೇ ನಂಬಿದ. ಅವನ ದೊಡ್ಡ ದೋಷವೇ ಅದು, ಯಾರು ಏನು ಹೇಳಿದರೂ ನಂಬುತ್ತಾನೆ.

ಆಮೇಲೆ ಅವನು ಆ ಕಾರಿಗೆ ಮಾಡಿದ ಸೇವೆಯನ್ನು ನಮ್ಮಲ್ಲಿ ಯಾರೂ ಹೆತ್ತವರಿಗೂ ಮಾಡುವುದಿಲ್ಲ. ಬಿಚ್ಚಿದ ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಬಿಳಿ ಪಂಚೆಯ ಮೇಲೆ ಸಾಲಾಗಿ ಇಟ್ಟ. ಹೈದರಾಬಾದಿನ ಗುಜರಿ ಬಜಾರುಗಳಲ್ಲಿ ಅಲೆದು ಹೋಲುವ ಸಾಮಾನು ತಂದ, ಸಿಗದ್ದನ್ನು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಿದ. ತಗಡಿನ ಒಳಗಿನ ಕಟ್ಟಿಗೆಯ ಚೌಕಟ್ಟು ಗೆದ್ದಲು ತಿಂದು ಹೋಗಿತ್ತು, ಬಂಡಿ ಮಾಡುವ ಬಡಿಗೇರನಿಂದ ಜಾಲಿಮರದಲ್ಲಿ ಹೊಸದು ಕೂಡಿಸಿದ. ತಂತಿಯ ಗಾಲಿಗಳನ್ನು ಸೈಕಲ್ ಅಂಗಡಿಯವನು ನೆಟ್ಟಗೆ ಮಾಡಿದ. ಬಾಗಿಲ ಮೇಲಿನ ಹಳೆಯ ಬಣ್ಣ ಉಜ್ಜಿದಾಗ ಒಳಗಿನಿಂದ ಏಳು ಎಂಬ ಅಂಕಿ ಎದ್ದಿತು. ರೇಸಿನ ನಂಬರು ಎಂದು ಓಣಿಯವರೆಲ್ಲ ಕೈಮುಗಿದರು. ‘ಪರೀಕ್ಷಾದಾಗ ಬಿದ್ದ ಮಾರ್ಕು ಇರಬೇಕು’ ಎಂದೆ, ಯಾರೂ ನಗಲಿಲ್ಲ. ಕೊನೆಗೆ ಕಡುಗೆಂಪು ಬಣ್ಣ ಬಳಿದು, ಹಿಂದೆ ಶ್ರೀ ಶರಣಬಸವೇಶ್ವರ ಪ್ರಸನ್ನ ಎಂದು ಬರೆಸಿದ. ಮೊದಲ ಸಲ ಇಂಜಿನ್ ಗುಡುಗಿದ ದಿನ ಸುರಪುರದ ಬಜಾರು ಅರ್ಧ ಬಂದ್ ಆಯಿತಂತೆ.

ನನ್ನ ಮನೆಯಲ್ಲಿ ಅದೇ ಪಾರಾಯಣ. ‘ನಮ್ಮ ಶರಣಪ್ಪ ನೋಡ್ರಿ, ಸತ್ತ ಗಾಡಿಗಿ ಜೀವ ತುಂಬ್ಯಾನ’ ಎಂದಳು ಹೆಂಡತಿ.

‘ಎಷ್ಟು ಬಣ್ಣ ಬಳದ್ರೂ ಹಳೇದು ಹಳೇದೇ’ ಎಂದೆ.

‘ನೀವೂ ಹಳಬ್ರೇ ಆಗೀರಿ. ನಿಮಗ ಯಾರು ಬಣ್ಣ ಬಳದಾರ?’

ಇದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ಜಹಗೀರು, ನಿಜಾಮ, ವಿಲೀನ ಎಂದು ನಾನು ತರಗತಿಯಲ್ಲಿ ಗಂಟಲು ಹರಿದುಕೊಂಡರೆ ಹಿಂದಿನ ಬೆಂಚು ಆಕಳಿಸುತ್ತದೆ. ಅದನ್ನೇ ಅವನು ಕಾರಿಗೆ ಒರಗಿ ನಿಂತು ತಪ್ಪುತಪ್ಪಾಗಿ ಹೇಳಿದರೆ ಜನ ಚಹಾ ಕುಡಿಯುವುದನ್ನೂ ಮರೆತು ಕೇಳುತ್ತಾರೆ.

ಆ ವರ್ಷದ ದಸರೆಗೆ ಅವನು ಕಾರಿನಲ್ಲೇ ವಡಗೇರಾಕ್ಕೆ ಬಂದ. ಮಹಾನವಮಿಯ ದಿನ ಖಂಡೆ ಪೂಜೆಯಲ್ಲಿ ಅತ್ತೆ ಕೊಡಲಿ ಕುಡುಗೋಲುಗಳ ಪಕ್ಕದಲ್ಲೇ ಕಾರಿಗೂ ವಿಭೂತಿ ಹಚ್ಚಿ, ಅದರ ಉದ್ದನೆಯ ಮೂತಿಗೆ ಚೆಂಡುಹೂವಿನ ದಪ್ಪ ಹಾರಗಳನ್ನೂ ಕಬ್ಬು, ಬಾಳೆದಿಂಡುಗಳನ್ನೂ ಬಿಗಿಯಾಗಿ ಕಟ್ಟಿದರು. ಪೂಜೆಯಲ್ಲಿ ಕಟ್ಟಿದ್ದನ್ನು ಬನ್ನಿ ಮುಗಿಯುವ ತನಕ ಬಿಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನ ಬೆಳಿಗ್ಗೆಯಿಂದ ಓಣಿಯವರೆಲ್ಲ ಕಾರಿನ ಸುತ್ತ. ನಾನು ಇಸ್ತ್ರಿ ಧೋತರ ಉಟ್ಟು ಕಟ್ಟೆಯ ಮೇಲೆ ಕೂತಿದ್ದೆ. ಒಬ್ಬ ಮುದುಕಿ ಬಂದು ‘ಸ್ವಲ್ಪ ಸರೀಪಾ, ಗಾಡಿ ಕಾಣವಲ್ದು’ ಎಂದಳು. ಸಂಜೆ ಬನ್ನಿ ಯಾರ ಕೈಗೆ ಮೊದಲು ಹೋಗುತ್ತದೋ ಎಂದು ನನಗೆ ನಿಜವಾದ ಭಯ ಹುಟ್ಟಿತು.

ಇಳಿಹೊತ್ತಿಗೆ ಮಾವ ಹೇಳಿದರು: ‘ಬನ್ನಿಗಿ ಇನ್ನೂ ಹೊತ್ತದ. ಹಿರೇ ಅಳಿಯಾರು ಒಂದು ಸುತ್ತು ಹೋಗಿ ಬರ್ಲಿ.’

ಬೇಡ ಎಂದರೆ ಹೊಟ್ಟೆಕಿಚ್ಚು ಎಂದು ಗೊತ್ತಾಗುತ್ತದೆ, ಹತ್ತಿದೆ. ನೆಲಕ್ಕೆ ತಾಗಿದಂತಿದ್ದ ಸೀಟಿನಲ್ಲಿ ಮೊಳಕಾಲು ಗದ್ದಕ್ಕೆ ಬಂತು. ಕಾಲುವೆ ದಂಡೆಯ ಮೇಲೆ ಕಾರು ಓಡತೊಡಗಿದಾಗ ಗಾಳಿ ಮುಖಕ್ಕೆ ಬಡಿಯಿತು, ಭತ್ತದ ಹಸಿರು ಸರಸರ ಹಿಂದೆ ಸರಿಯಿತು. ಸುಳ್ಳೇಕೆ ಹೇಳಲಿ, ಅಷ್ಟು ಹಿತವಾದದ್ದು ನನ್ನ ಜನ್ಮದಲ್ಲಿ ಆಗಿರಲಿಲ್ಲ. ಅದರಿಂದ ಇನ್ನಷ್ಟು ಸಂಕಟವಾಯಿತು. ಅಷ್ಟರಲ್ಲಿ ಮೂತಿಯಿಂದ ಹೊಗೆಯಂತೆ ಆವಿ ಎದ್ದಿತು.

ಶರಣಪ್ಪ ನಿಲ್ಲಿಸಿ ನೋಡಿದ. ‘ಹಾರಾ, ಬಾಳಿದಿಂಡು ಎಲ್ಲಾ ರೇಡಿಯೇಟರ್ ಮುಚ್ಚ್ಯಾವ್ರಿ ಅಣ್ಣಾರ. ಗಾಳಿ ಸಿಗವಲ್ದು, ಇಂಜಿನ್ ಕುದ್ಯಾಕತ್ತದ. ಬಿಚ್ಚಲೇನ್ರಿ?’

ನನಗೆ ಒಳಗೊಳಗೇ ಜಾತ್ರೆ. ಮುಖ ಗಂಭೀರ ಮಾಡಿಕೊಂಡು ‘ಪೂಜಿ ಹಾರ ತಮ್ಮಾ. ಬನ್ನಿ ಆಗೋತನ ಬಿಚ್ಚಿದ್ರ ಅತ್ತೆಯವ್ರು ಏನಂದಾರು?’ ಎಂದೆ.

‘ನೀವು ಹಿರ್ಯಾರು. ಬ್ಯಾಡಂದ್ರ ಬ್ಯಾಡ್ರಿ’ ಎಂದ.

ಆರಲಿ ಎಂದು ಕಾದು, ಕಾಲುವೆಯ ನೀರು ಹೊಯ್ದು ಮತ್ತೆ ಚಾಲೂ ಮಾಡಿದ. ಒಂದು ಫರ್ಲಾಂಗು ಹೋಗಿ ಮತ್ತೆ ಕುದಿಯಿತು, ಆಮೇಲೆ ಕೆಮ್ಮಿ ಪೂರ್ತಿ ನಿಂತಿತು. ಹೊತ್ತು ಮುಳುಗುತ್ತಿತ್ತು. ಆಗ ನನಗೆ ಹೊಳೆದದ್ದು: ಬನ್ನಿಯ ಹೊತ್ತಿಗೆ ಮನೆ ಮುಟ್ಟಬೇಕಾದವನು ನಾನೂ ಹೌದು. ಸ್ಟೇರಿಂಗ್ ಹಿಡಿಯಲು ಬರುವವನು ಕೂತ, ಬಾರದವನು ದಬ್ಬಿದ. ಇಸ್ತ್ರಿ ಧೋತರ ಕಚ್ಚೆ ಹಾಕಿಕೊಂಡು, ಹಿರೇ ಅಳಿಯ ಕಿರೇ ಅಳಿಯನನ್ನು ದಬ್ಬುತ್ತ ಊರ ಕಡೆ ನಡೆದ. ಹೊಲದಿಂದ ಬರುತ್ತಿದ್ದವರು ಕೂತವನಿಗೆ ನಮಸ್ಕಾರ ಮಾಡಿದರು, ನನಗೆ ‘ಜೋರಾಗಿ ದಬ್ಬ್ರಿ’ ಎಂದರು. ಓಣಿಯಲ್ಲಿ ಇದೇ ದೃಶ್ಯ ಎಲ್ಲರ ಕಣ್ಣಿಗೆ ಬಿದ್ದರೆ ಹಿರೇ ಅಳಿಯತನ ಅವತ್ತಿಗೆ ಮುಗಿಯಿತು ಎಂದುಕೊಂಡೆ.

ಓಣಿಯ ತಿರುವಿನಲ್ಲಿ ಶರಣಪ್ಪ ಬ್ರೇಕು ಹಾಕಿ ಕೆಳಗಿಳಿದ. ‘ಅಣ್ಣಾರ, ನೀವು ಕೂಡ್ರಿ. ನಾ ದಬ್ಬತೀನಿ.’

‘ನನಗ ಬರಂಗಿಲ್ಲಲ್ಲೋ.’

‘ನೆಟ್ಟಗ ಹಿಡಕೊಂಡ್ರ ಸಾಕ್ರಿ. ನಿಮ್ಮನ್ನ ಹಂಗ ನೋಡಿದ್ರ ಮಾವಾರಿಗಿ ಚಂದ ಅನಸಂಗಿಲ್ಲ.’

ಕೂತೆ. ಕಾರು ಸದ್ದಿಲ್ಲದೆ ಓಣಿಯೊಳಗೆ ತೇಲಿ ಹೋಯಿತು. ಜನ ಎರಡೂ ಬದಿಗೆ ಸರಿದರು. ಶರಣಪ್ಪ ಹಿಂದಿನಿಂದ ಏದುಸಿರು ಬಿಡುತ್ತ, ‘ಅಣ್ಣಾರು ಭಲೇ ಗಾಡಿ ಹೊಡದ್ರಪಾ. ಹಿರ್ಯಾರು, ಮಕ್ಕಳು ಅಂಜತಾರಂತ ಓಣ್ಯಾಗ ಇಂಜಿನ್ ಬಂದ ಮಾಡ್ಯಾರ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮಾವ ಬಂದು ಮೊದಲ ಬನ್ನಿಯನ್ನು ಕೂತಲ್ಲೇ ನನ್ನ ಕೈಗಿಟ್ಟರು. ಶರಣಪ್ಪ ಮುಂದೆ ಬಂದು ‘ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ’ ಎಂದು ಬಗ್ಗಿದ. ನನ್ನ ಕಾಲುಗಳು ಕಾರಿನ ಒಳಗಿದ್ದವು. ಅವನು ಬಾಗಿಲ ಮೇಲಿಂದ ಅರ್ಧ ಮೈ ಒಳಗೆ ತೂರಿಸಿ, ಎಣ್ಣೆ ಮೆತ್ತಿದ ಕೈಯಿಂದ ಹುಡುಕಿ ಹುಡುಕಿ ಮುಟ್ಟಿದ. ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಮುಖದಲ್ಲಿ ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ.

‘ನಿಮಗ ಗಾಡಿ ಹೊಡ್ಯಾಕ ಬರತದಂತ ನನಗ ಗೊತ್ತೇ ಇರ್ಲಿಲ್ಲ’ ಎಂದು ಹೆಂಡತಿ ಊಟಕ್ಕೆ ಬಡಿಸುತ್ತ ಮೊದಲ ಬಾರಿಗೆ ನನ್ನನ್ನು ಮೆಚ್ಚಿಕೊಂಡು ನೋಡಿದಳು. ಎದುರಿಗೆ ಕೂತಿದ್ದ ಶರಣಪ್ಪ ತಲೆ ಎತ್ತದೆ ಹೋಳಿಗೆ ಮುರಿಯುತ್ತಿದ್ದ. ‘ಬರತದ’ ಎಂದೆ. ಆ ಕ್ಷಣಕ್ಕೆ ಕಾರಿನ ಮೇಲಿನ ನನ್ನ ಹೊಟ್ಟೆಕಿಚ್ಚು ಆರಿಹೋಯಿತು. ಅವನ ಒಳ್ಳೆಯತನದ ಮೇಲೆ ಶುರುವಾಯಿತು. ಕಾರಾದರೆ ಎಂದಾದರೂ ಕೆಟ್ಟು ನಿಂತೀತು ಎಂಬ ಆಸೆ ಇಟ್ಟುಕೊಳ್ಳಬಹುದಿತ್ತು.